ಆರೂವರೆ ಬಸ್ಸಿನ ವಿದ್ಯಾರ್ಥಿಗಳು

(ಪದವಿ ಕಾಲೇಜು ಅಧ್ಯಾಪಕರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಕೆಲವು ವಿವರಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ತಂತ್ರಜ್ಞಾನದಿಂದ, ವಿದ್ಯಾರ್ಥಿಗಳಿಂದ ಉನ್ನತ ಶಿಕ್ಷಣ ಹೇಗೆ ಬದಲಾಗಲಿದೆ, ಅದಕ್ಕೆ ನಾವು ಹೇಗೆ ತಯಾರಾಗಬೇಕು ಎಂಬುದರ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ. ನಾನು ಕನ್ನಡ ಪಾಠ ಮಾಡುವವನು. ತಂತ್ರಜ್ಞಾನದ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲೇ ಇದ್ದೀರಿ. ಆದರೆ ವಿಷಯದ ಇನ್ನೊಂದು ಅರ್ಧ ವಿದ್ಯಾರ್ಥಿಗಳದ್ದು. ಹಾಗಾಗಿ ಈ ಮಾತಿಗೆ ತಯಾರಿ ಮಾಡಲು ನಾನು ಕೊನೆಯ ವರ್ಷದ ಬಿ.ಎ. ತರಗತಿಗೆ ಹೋಗಿ ಎಲ್ಲರ ಕೈಗೂ ಒಂದೊಂದು ಬಿಳಿ ಹಾಳೆ ಕೊಟ್ಟೆ. "ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದಿರಿ, ಗಂಟೆ ಸಮೇತ ಬರೀರಿ. ಹೆಸರು ಬೇಡ" ಎಂದೆ. "ಇದಕ್ಕೆ ಇಂಟರ್ನಲ್ಸ್ ಮಾರ್ಕ್ಸ್ ಇದೆಯಾ ಸರ್?" ಎಂದು ಒಬ್ಬ ಕೇಳಿದ. ಇಲ್ಲ ಅಂದ ಮೇಲೆ ನಿರಾಳವಾಗಿ ಬರೆಯತೊಡಗಿದರು.

ಅದರಲ್ಲಿ ಒಂದು ಹಾಳೆಯನ್ನು ಇದ್ದ ಹಾಗೇ ಓದುತ್ತೇನೆ.

"4.45 ಎದ್ದೆ. ಕೊಟ್ಟಿಗೆ ಕೆಲಸ. 5.45 ಡೈರಿಗೆ ಹಾಲು ಹಾಕಿ ಬಂದೆ. 6.30 ಬಸ್ಸು. 7.40 ಇಳಿದೆ. ಬಸ್ ಸ್ಟ್ಯಾಂಡಲ್ಲಿ ಕೂತಿದ್ದೆ, ಆಮೇಲೆ ಕಾಲೇಜು ಮುಂದೆ ಮರದ ಕೆಳಗೆ. 9.30 ಕ್ಲಾಸು. 1.30 ಕ್ಲಾಸ್ ಮುಗೀತು. 3.15 ಬಸ್ಸು. 4.30 ಮನೆ. ಹುಲ್ಲು ತಂದೆ. 7ಕ್ಕೆ ಅಡುಗೆ. 9.15ಕ್ಕೆ ಮೊಬೈಲ್ ನನ್ನ ಕೈಗೆ ಬಂತು, ಅಷ್ಟೊತ್ತಿಗೆ ತಮ್ಮ ನೆಟ್ ಖಾಲಿ ಮಾಡಿದ್ದ. 10 ಮಲಗಿದೆ."

ಇಷ್ಟೇ. ಈ ಹಾಳೆಯನ್ನು ನಾನು ಬಹಳ ಸಲ ಓದಿದ್ದೇನೆ. ಮೊದಲು ಕಣ್ಣಿಗೆ ಬಿದ್ದದ್ದು, ಇದರಲ್ಲಿ "ಓದಿದೆ" ಎಂಬ ಪದವೇ ಇಲ್ಲ ಎಂಬುದು. ಆಮೇಲೆ ಲೆಕ್ಕ ಹಾಕಿದೆ. ಬೆಳಿಗ್ಗೆ 7.40ರಿಂದ 9.30, ಮಧ್ಯಾಹ್ನ 1.30ರಿಂದ 3.15. ಒಟ್ಟು ಮೂರೂವರೆ ಗಂಟೆಯ ಮೇಲಾಯಿತು. ವಾರಕ್ಕೆ ಆರು ದಿನವೆಂದರೆ ಇಪ್ಪತ್ತೊಂದು ಗಂಟೆ ದಾಟಿತು. ನಮ್ಮ ತರಗತಿಗಳು ವಾರಕ್ಕೆ ಇಪ್ಪತ್ನಾಲ್ಕು ಗಂಟೆ. ಅಂದರೆ ಈ ಹುಡುಗಿ ಪಾಠ ಕೇಳುವಷ್ಟೇ ಹೊತ್ತು, ನಮ್ಮ ಗೇಟಿನಿಂದ ಕೂಗಳತೆಯಲ್ಲಿ, ಸುಮ್ಮನೆ ಕೂತು ಕಾಯುತ್ತಾಳೆ. ಮುಂದಿನ ಬಸ್ಸಿಗೆ ಬರೋಣವೆಂದರೆ ಅದು ಮುಟ್ಟುವುದು 10.20ಕ್ಕೆ, ಮೊದಲ ಪೀರಿಯಡ್ ತಪ್ಪುತ್ತದೆ, ಶೇಕಡಾ 75 ಹಾಜರಾತಿಗೆ ಹೊಡೆತ ಬೀಳುತ್ತದೆ. ನಮ್ಮ ಗ್ರಂಥಾಲಯದ ಬಾಗಿಲು ತೆಗೆಯುತ್ತಿದ್ದದ್ದು 10 ಗಂಟೆಗೆ. ಇಷ್ಟು ವರ್ಷ ಅದೇ ಕಾಲೇಜಿನಲ್ಲಿ ಪಾಠ ಮಾಡಿದ ನನಗೆ ಈ ಲೆಕ್ಕ ಗೊತ್ತಿರಲಿಲ್ಲ. ಅದನ್ನು ನೆನೆದರೆ ಈಗಲೂ ಮನಸ್ಸಿಗೆ ಕಷ್ಟವಾಗುತ್ತದೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಾಗಿನಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಚಾರ್ಜಿನ ಚಿಂತೆ ಹೋಗಿದೆ. ಮೊದಲು "ಅಷ್ಟು ದೂರ ಯಾಕೆ" ಎನ್ನುತ್ತಿದ್ದ ಮನೆಗಳಿಂದಲೂ ಮಕ್ಕಳು ಬರುತ್ತಿದ್ದಾರೆ. ಅದು ದೊಡ್ಡ ಬದಲಾವಣೆ. ಆದರೆ ಆ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ, ಬಂದವರು ಎಲ್ಲಿ ಕೂರುತ್ತಾರೆ ಎಂಬುದನ್ನು ಶಿಕ್ಷಣದ ಲೆಕ್ಕಕ್ಕೆ ಯಾರೂ ಸೇರಿಸಿಕೊಂಡಿಲ್ಲ.

ಹುಡುಗರ ಹಾಳೆಗಳ ಕಥೆ ಬೇರೆ. ಒಬ್ಬ ರಾತ್ರಿ ಪೆಟ್ರೋಲ್ ಬಂಕಿನಲ್ಲಿ, ಇನ್ನೊಬ್ಬ ಮೊಬೈಲ್ ಅಂಗಡಿಯಲ್ಲಿ. ಹಲವರು ಕೇಟರಿಂಗಿಗೆ ಹೋಗುತ್ತಾರೆ. ಲಗ್ನದ ದಿನಗಳಲ್ಲಿ ಹಿಂದಿನ ಬೆಂಚುಗಳು ಖಾಲಿಯಿರುವುದನ್ನು ನೀವೆಲ್ಲ ನೋಡಿದ್ದೀರಿ. ನಾವು ಅದನ್ನು ಶಿಸ್ತಿನ ಸಮಸ್ಯೆ ಎಂದು ಬರೆದುಕೊಳ್ಳುತ್ತೇವೆ. ಅವರ ಹಾಳೆಯಲ್ಲಿ ಅದು "ಡ್ಯೂಟಿ". ಪೂರ್ಣಾವಧಿ ವಿದ್ಯಾರ್ಥಿ ಎಂದು ನಾವು ಯಾರನ್ನು ದಾಖಲು ಮಾಡಿಕೊಳ್ಳುತ್ತಿದ್ದೇವೋ ಅವರಲ್ಲಿ ಹೆಚ್ಚಿನವರು ಅರೆಕಾಲಿಕ ದುಡಿಮೆಗಾರರು. ವಿದ್ಯಾರ್ಥಿಗಳು ಮುಂದೆ ಬದಲಾಗಲಿದ್ದಾರೆ ಎಂದು ನಾವು ಮಾತಾಡಿಕೊಳ್ಳುತ್ತೇವಲ್ಲ, ಅವರು ಆಗಲೇ ಬದಲಾಗಿ ನಮ್ಮೆದುರು ಕೂತಿದ್ದಾರೆ.

ನಾನು ಇವತ್ತು ಹೇಳಬೇಕೆಂದಿರುವುದು ಒಂದೇ ಮಾತು. ನಮ್ಮಲ್ಲಿ ಉನ್ನತ ಶಿಕ್ಷಣದ ಯೋಜನೆ ಯಾವಾಗಲೂ ಯಂತ್ರದಿಂದ ಶುರುವಾಗುತ್ತದೆ. ಅದು ಈ ಹಾಳೆಯಿಂದ ಶುರುವಾಗಬೇಕು.

ಯಂತ್ರದಿಂದ ಶುರುವಾದದ್ದು ಏನಾಗುತ್ತದೆ ಎಂಬುದಕ್ಕೆ ನಮ್ಮ ಕಣ್ಣೆದುರಿನ ಉದಾಹರಣೆಗಳಿವೆ. 2004ರ ಸೆಪ್ಟೆಂಬರ್ 20ರಂದು ಇಸ್ರೋ ಶ್ರೀಹರಿಕೋಟಾದಿಂದ ಎಜುಸ್ಯಾಟ್ ಹಾರಿಸಿತು. ಶಿಕ್ಷಣಕ್ಕೆಂದೇ ಮೀಸಲಾದ ಉಪಗ್ರಹ. ಪ್ರಾಯೋಗಿಕ ಹಂತದಲ್ಲೇ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಅದರೊಳಗೆ ಇತ್ತು. ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೂ ಪಾಠ ಬಂತು. ಆಗ ನನಗಾದ ಹೆಮ್ಮೆ ಚೆನ್ನಾಗಿ ನೆನಪಿದೆ. ಇಸ್ರೋದವರು ತಮ್ಮ ಕೆಲಸವನ್ನು ಸೊಗಸಾಗಿಯೇ ಮಾಡಿದ್ದರು. ನೆಲದ ಮೇಲಿನ ಕೆಲಸ ನಮ್ಮದಾಗಿತ್ತು. ನಾನು ಕಂಡ ಒಂದು ಶಾಲೆಯಲ್ಲಿ ಪಾಠ ಪ್ರಸಾರವಾಗುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗುತ್ತಿತ್ತು. ಬ್ಯಾಟರಿ ಕೆಟ್ಟಾಗ ಯಾರಿಗೆ ಹೇಳಬೇಕೆಂದು ಮೇಷ್ಟರಿಗೆ ತಿಳಿದಿರಲಿಲ್ಲ. 2010ರಲ್ಲಿ ಉಪಗ್ರಹದ ಸೇವೆ ಮುಗಿಯಿತು. ಆ ಶಾಲೆಯ ಚಾವಣಿಯ ಮೇಲೆ ಡಿಶ್ ಬಹಳ ಕಾಲ ಹಾಗೇ ಇತ್ತು, ಅದರೊಳಗೆ ಗುಬ್ಬಿ ಗೂಡು ಕಟ್ಟಿದ್ದವು.

ಕೊರೊನಾ ಕಾಲದ್ದು ಇನ್ನೂ ಹಸಿಯಾಗಿದೆ. 2021ರಲ್ಲಿ ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜುಗಳ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಡುವ ಕಾರ್ಯಕ್ರಮ ಶುರುವಾಯಿತು. ಒಳ್ಳೆಯ ಕೆಲಸ. ಅದೇ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಒಂದು ಚಿತ್ರ ಎಲ್ಲರ ಮೊಬೈಲಿಗೂ ಬಂತು. ಎಸ್ಸೆಸ್ಸೆಲ್ಸಿ ಓದುವ ಹುಡುಗಿ ಮಳೆಯಲ್ಲಿ ರಸ್ತೆ ಪಕ್ಕ ಕೂತು ಆನ್‌ಲೈನ್ ತರಗತಿ ಕೇಳುತ್ತಿದ್ದಾಳೆ, ಅವಳ ತಂದೆ ಕೊಡೆ ಹಿಡಿದು ನಿಂತಿದ್ದಾರೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ರಸ್ತೆಗೆ ಬಂದರೆ ಸಿಗುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಟ್ಯಾಬ್ ಎಷ್ಟು ಬೇಕು ಎಂದು ಎಣಿಸಿದ ನಾವು, ಕೊಡೆ ಹಿಡಿದವರು ಎಷ್ಟು ಜನ ಎಂದು ಎಣಿಸಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಎನ್ನುತ್ತಾರೆ. ನಮ್ಮಲ್ಲಿ ಕೂಸು ಹುಟ್ಟಿ ಎದುರಿಗೇ ಇದೆ, ಅದರ ತಲೆಯ ಅಳತೆ ತೆಗೆದುಕೊಳ್ಳದೆ ಕುಲಾವಿ ಹೊಲಿಸುತ್ತಿದ್ದೇವೆ.

ಇದರ ಅರ್ಥ ತಂತ್ರಜ್ಞಾನ ಬೇಡ ಎಂದಲ್ಲ. ದೂರದಲ್ಲಿರುವವರಿಗೆ ವಿದ್ಯೆ ಮುಟ್ಟಿಸುವ ಆಸೆ ನಮ್ಮ ನಾಡಿನಲ್ಲಿ ಹೊಸದೇನೂ ಅಲ್ಲ. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಶುರು ಮಾಡಿತು. ಗುಮಾಸ್ತರು, ಶಾಲಾ ಮೇಷ್ಟರು, ಮದುವೆಯಾಗಿ ಓದು ಬಿಟ್ಟಿದ್ದ ಹೆಣ್ಣುಮಕ್ಕಳು ಅಂಚೆಯಲ್ಲಿ ಬಂದ ಪಾಠ ಓದಿ ಪದವೀಧರರಾದರು. ಅದೇ ಬೆಳೆದು 1996ರಲ್ಲಿ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. 2015ರಲ್ಲಿ ಅದಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾನ್ಯತೆ ಇಲ್ಲದಂತಾಗಿ, 2018ರಲ್ಲಿ ಮತ್ತೆ ದಕ್ಕುವವರೆಗೆ ಪ್ರಮಾಣಪತ್ರ ಕೈಯಲ್ಲಿಟ್ಟುಕೊಂಡು ಅಲೆದವರನ್ನೂ ನಾವು ಬಲ್ಲೆವು. ಅವರು ಓದಿದ್ದರು, ಪರೀಕ್ಷೆ ಬರೆದಿದ್ದರು. ಹೊಸ ವ್ಯವಸ್ಥೆ ಎಡವಿದಾಗ ಪೆಟ್ಟು ತಿನ್ನುವವನು ಮೊದಲು ವಿದ್ಯಾರ್ಥಿಯೇ. ಆನ್‌ಲೈನ್ ಪದವಿಗಳ ಜಾಹೀರಾತು ನೋಡಿದಾಗಲೆಲ್ಲ ನನಗೆ ಅವರ ಮುಖಗಳು ನೆನಪಾಗುತ್ತವೆ.

ಹೊರಗಿನ ಒಂದು ಅನುಭವವನ್ನೂ ಹೇಳಬೇಕು. 2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಇಬ್ಬರು ಅಧ್ಯಾಪಕರು ಕೃತಕ ಬುದ್ಧಿಮತ್ತೆಯ ಕೋರ್ಸನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಾಗ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಹೆಸರು ಬರೆಸಿದರು. ಇನ್ನು ಕಾಲೇಜುಗಳ ಕಾಲ ಮುಗಿಯಿತು ಎಂದೇ ಜಗತ್ತು ಮಾತಾಡಿತು. ಆ ಅಧ್ಯಾಪಕರಲ್ಲೊಬ್ಬರು ಕಟ್ಟಿದ ಉಡಾಸಿಟಿ ಕಂಪನಿ 2013ರಲ್ಲಿ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯದ ಜೊತೆ ಸೇರಿ, ಗಣಿತದಲ್ಲಿ ಹಿಂದೆ ಬಿದ್ದವರಿಗೂ ಹಾಗೆಯೇ ಕಲಿಸಲು ಹೊರಟಿತು. ತೇರ್ಗಡೆಯಾದವರು ಎಷ್ಟು ಕಡಿಮೆಯಿದ್ದರೆಂದರೆ ಕೆಲವೇ ತಿಂಗಳಲ್ಲಿ ಪ್ರಯೋಗವನ್ನು ನಿಲ್ಲಿಸಿದರು. ಮೊದಲಿನ ಕೋರ್ಸು ಮುಗಿಸಿದವರು ಆಗಲೇ ಓದು ಬಲ್ಲವರು. ಎರಡನೆಯದರಲ್ಲಿ ಇದ್ದದ್ದು ನಮ್ಮ ಮಕ್ಕಳಂಥ ಮಕ್ಕಳು.

ಆನ್‌ಲೈನ್ ಪಾಠಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಸ್ವಯಂ ವೇದಿಕೆ 2017ರಿಂದ ಇದೆ. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್ಸಿ ಸೇರಿ ಕಟ್ಟಿದ ಎನ್‌ಪಿಟಿಇಎಲ್ ಎಂಬ ವಿಡಿಯೊ ಪಾಠಗಳ ತಾಣ ಅದಕ್ಕೂ ಹಳೆಯದು. ಒಂದು ಸೆಮಿಸ್ಟರಿನ ಶೇಕಡಾ 40ರಷ್ಟು ಕೋರ್ಸುಗಳನ್ನು ಸ್ವಯಂ ಮೂಲಕ ಮಾಡಬಹುದೆಂದು ಯುಜಿಸಿ 2021ರಲ್ಲೇ ಹೇಳಿದೆ. ನಮ್ಮ ತಾಲ್ಲೂಕು ಕಾಲೇಜುಗಳಲ್ಲಿ ಎಷ್ಟು ಮಕ್ಕಳು ಇದನ್ನು ಬಳಸಿದ್ದಾರೆ? ನೀವೇ ಕೈಯೆತ್ತಿ ಹೇಳಿ ಎಂದು ಸಭೆಯನ್ನು ಕೇಳಿದೆ. ಎದ್ದ ಕೈಗಳು ಬಹಳ ಕಡಿಮೆ. ಹೆಸರು ಬರೆಸುವವರು ಸಿಗುತ್ತಾರೆ, ಪರೀಕ್ಷೆಯವರೆಗೆ ಉಳಿಯುವವರು ಸಿಗುವುದಿಲ್ಲ. ಅದರ ಪಕ್ಕದಲ್ಲೇ ಮದ್ರಾಸ್ ಐಐಟಿ 2020ರಲ್ಲಿ ಶುರು ಮಾಡಿದ ಡೇಟಾ ಸೈನ್ಸ್ ಪದವಿಯನ್ನು ನೋಡಿ. ಪಾಠ ಆನ್‌ಲೈನ್‌ನಲ್ಲಿ. ಜೆಇಇ ಇಲ್ಲ, ಬದಲಿಗೆ ಕೆಲವು ವಾರ ಪಾಠ ಕೊಟ್ಟು, ಆ ಪಾಠದ ಮೇಲೆಯೇ ಪರೀಕ್ಷೆ ಮಾಡಿ ಸೇರಿಸಿಕೊಳ್ಳುತ್ತಾರೆ. ಪರೀಕ್ಷೆಗೆ ಮಾತ್ರ ಊರೂರಿನ ಕೇಂದ್ರಕ್ಕೆ ಹೋಗಿ ಕೂತೇ ಬರೆಯಬೇಕು. ಸಾವಿರಾರು ಜನ ಅದನ್ನು ಹಿಡಿದುಕೊಂಡು ಓದುತ್ತಿದ್ದಾರೆ. ಕಲಿಯಲು ಬಂದವನು ಎಲ್ಲಿದ್ದಾನೆ, ಅವನಿಗೆ ಎಷ್ಟು ತಿಳಿದಿದೆ ಎಂದು ಮೊದಲು ನೋಡಿದವರು ಅವರು. ನನಗೆ ಕಾಣುವ ವ್ಯತ್ಯಾಸ ಅದೇ.

ಈಗ ಚಾಟ್‌ಜಿಪಿಟಿಯ ವಿಷಯಕ್ಕೆ ಬರುತ್ತೇನೆ. ಇದು ಬಂದದ್ದು 2022ರ ನವೆಂಬರ್ ಕೊನೆಯಲ್ಲಿ. ಮಿಕ್ಕ ತಂತ್ರಜ್ಞಾನಗಳೆಲ್ಲ ಸುತ್ತೋಲೆಯ ಮೂಲಕ ಮೇಲಿನಿಂದ ಇಳಿದು ಬಂದವು. ಇದನ್ನು ವಿದ್ಯಾರ್ಥಿಗಳೇ ಜೇಬಿನಲ್ಲಿಟ್ಟುಕೊಂಡು ಒಳಗೆ ಬಂದರು. ಆದ್ದರಿಂದಲೇ ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಬೇಕು.

ಎರಡನೇ ವರ್ಷದ ತರಗತಿಗೆ ಅಕ್ಕಮಹಾದೇವಿಯ ವಚನಗಳ ಮೇಲೆ ಅಸೈನ್‌ಮೆಂಟ್ ಕೊಟ್ಟಿದ್ದೆ. ಒಬ್ಬ ಹುಡುಗ ಅಚ್ಚುಕಟ್ಟಾಗಿ ಬರೆದು ತಂದ. ಮಧ್ಯದಲ್ಲಿ ಒಂದು ವಚನ. ನಾನೆಲ್ಲೂ ಕಂಡಿರಲಿಲ್ಲ. ಅದರೊಳಗೆ "ಮಹಿಳಾ ಸಮಾನತೆ" ಎಂಬ ಮಾತಿತ್ತು. ಕೊನೆಯಲ್ಲಿ ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತವೂ ಇತ್ತು. ಕರೆದು ಕೇಳಿದೆ. ಅವನು ಮುಚ್ಚಿಡಲಿಲ್ಲ. "ಮೊಬೈಲಲ್ಲಿ ಕೇಳಿದೆ ಸರ್, ಅದೇ ಕೊಡ್ತು. ಅಂಕಿತ ಸರಿ ಇದೆಯಲ್ಲ ಸರ್?" ಎಂದ.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ಅಂಕಿತ ನೋಡಿ ವಚನಕಾರರನ್ನು ಗುರುತಿಸಿ ಎಂದು ಹೇಳಿಕೊಟ್ಟವನು ನಾನೇ. ನಾನು ಕೊಟ್ಟಿದ್ದ ಪರೀಕ್ಷೆಯಲ್ಲಿ ಆ ಯಂತ್ರ ಪಾಸಾಗಿತ್ತು. ನನ್ನ ಪರೀಕ್ಷೆ ಅಷ್ಟು ತೆಳುವಾಗಿತ್ತು ಎಂಬುದು ಆಗ ತಿಳಿಯಿತು.

ಮಾರನೆಯ ದಿನ ಅವನ ಹೆಸರು ಹೇಳದೆ ಆ ಪದ್ಯವನ್ನು ಬೋರ್ಡಿನ ಮೇಲೆ ಬರೆದೆ. ಇದು ಅಕ್ಕನದೋ ಅಲ್ಲವೋ ನೀವೇ ಹೇಳಿ ಎಂದೆ. ವಚನ ಸಂಚಯ ಎಂಬ ಜಾಲತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಿವೆ, ಪದ ಹಾಕಿ ಹುಡುಕಬಹುದು. ಕನ್ನಡದ ಆಸಕ್ತರೇ ಸೇರಿ ಕಟ್ಟಿದ ತಾಣ ಅದು. ನಾಲ್ಕೈದು ಮಂದಿ ಮೊಬೈಲ್ ತೆಗೆದು ಸಾಲುಗಳನ್ನು ಹಾಕಿ ನೋಡಿದರು. ಒಂದೂ ಸಿಗಲಿಲ್ಲ. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ್, ಅಕ್ಕ ಹೀಗೆ ಹೇಳಿಕೊಳ್ಳಲ್ಲ, ಇದು ಭಾಷಣ ಇದ್ದಂಗಿದೆ" ಎಂದಳು. ಹಾಗಾದರೆ ಅಕ್ಕ ಹೇಗೆ ಹೇಳುತ್ತಾಳೆ ಎಂದು ಕೇಳಿದೆ. ಆ ಪೀರಿಯಡ್ ಮುಗಿದು ಬೆಲ್ ಹೊಡೆದ ಮೇಲೂ ಮಾತು ನಿಲ್ಲಲಿಲ್ಲ. ಅಸೈನ್‌ಮೆಂಟ್ ತಂದಿದ್ದ ಹುಡುಗನೇ ಎಲ್ಲರಿಗಿಂತ ಹೆಚ್ಚು ಹುಡುಕುತ್ತಿದ್ದ. ನನ್ನ ಅಧ್ಯಾಪಕ ಬದುಕಿನ ಬಹಳ ಒಳ್ಳೆಯ ತರಗತಿಗಳಲ್ಲಿ ಅದೊಂದು.

ಇನ್ನೊಂದು ಕಡೆಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮ ಅರ್ಥಶಾಸ್ತ್ರದ ಸಹೋದ್ಯೋಗಿಯೊಬ್ಬರು ತೋರಿಸಿದ್ದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿ. ಗ್ರಂಥಾಲಯದಲ್ಲಿದ್ದ ಒಳ್ಳೆಯ ಪುಸ್ತಕ ಇಂಗ್ಲಿಷಿನದು. ಅವಳು ಒಂದು ಪುಟದ ಫೋಟೊ ತೆಗೆದು, ಇದನ್ನು ನನಗೆ ಅರ್ಥವಾಗುವ ಹಾಗೆ ಹೇಳು ಎಂದು ಕನ್ನಡದಲ್ಲಿ ಕೇಳಿದಳು, ಟೈಪ್ ಕೂಡ ಮಾಡದೆ, ಬಾಯಲ್ಲೇ. ಬೇಡಿಕೆಯ ಸ್ಥಿತಿಸ್ಥಾಪಕತ್ವದ ಪುಟ ಅದು. ಉಪ್ಪಿನ ಬೆಲೆ ಏರಿದರೆ ಎಷ್ಟು ಕಡಿಮೆ ಕೊಳ್ಳುತ್ತೀರಿ, ಟೊಮೆಟೊ ಬೆಲೆ ಏರಿದರೆ ಎಷ್ಟು ಕಡಿಮೆ ಕೊಳ್ಳುತ್ತೀರಿ ಎಂದು ಅದು ವಿವರಿಸಿತು. ಅವಳು ತಿರುಗಿ ಕೇಳಿದಳು, ಇನ್ನೊಮ್ಮೆ ಕೇಳಿದಳು. ತರಗತಿಯಲ್ಲಿ ಮೂರು ಸಲ ಎದ್ದು ಕೇಳುವ ಧೈರ್ಯ ಅವಳಿಗೆ ಇರಲಿಲ್ಲ. ಭಾಷೆಯ ಕಾರಣಕ್ಕೆ ಎಷ್ಟು ಮಕ್ಕಳು ಒಳ್ಳೆಯ ಪುಸ್ತಕದ ಮುಂದೆ ತಲೆತಗ್ಗಿಸಿ ಹೋಗಿಬಿಟ್ಟರು ಎಂದು ನಾವೆಲ್ಲ ನೋಡಿದ್ದೇವೆ. ಆ ಗೋಡೆಯಲ್ಲಿ ಇದೊಂದು ಬಾಗಿಲು. ಇದನ್ನು ಮುಚ್ಚಿಸಲು ನನಗೆ ಮನಸ್ಸು ಬರುವುದಿಲ್ಲ.

ಎರಡೂ ಘಟನೆಗಳಲ್ಲಿ ಇರುವುದು ಒಂದೇ ಯಂತ್ರ. ಅದರ ಕನ್ನಡ ನಯವಾಗಿದೆ, ಸರಾಗವಾಗಿದೆ. ತಪ್ಪು ಹೇಳುವಾಗಲೂ ಅಷ್ಟೇ ಸರಾಗ. ಹುಡುಗಿಯ ಮುಂದೆ ಪುಸ್ತಕ ಇತ್ತು, ಯಂತ್ರ ಹೇಳಿದ್ದನ್ನು ಆ ಪುಟಕ್ಕೆ ಹಿಡಿದು ನೋಡಬಹುದಿತ್ತು. ಹುಡುಗನ ಮುಂದೆ ಏನೂ ಇರಲಿಲ್ಲ. ಹಾಗಾಗಿ ಗ್ರಂಥಾಲಯದ ಕಾಲ ಮುಗಿಯಿತು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಈಗಲೇ ಅದು ಹೆಚ್ಚು ಬೇಕಾಗಿದೆ.

ಮನೆಯಲ್ಲಿ ಬರೆದು ತರುವ ಅಸೈನ್‌ಮೆಂಟಿನ ದಿನಗಳು ಮುಗಿದಿವೆ, ಅದನ್ನು ಒಪ್ಪಿಕೊಂಡುಬಿಡೋಣ. ಯಂತ್ರ ಬರೆದದ್ದನ್ನು ಹಿಡಿಯುವ ಇನ್ನೊಂದು ಯಂತ್ರವನ್ನು ನಂಬಿ ಮಕ್ಕಳಿಗೆ ಶಿಕ್ಷೆ ಕೊಡಲು ಹೋಗಬೇಡಿ. ಅವು ತಪ್ಪುತ್ತವೆ, ತಪ್ಪಿದರೆ ಒಂದು ಮಗುವಿನ ಮಾನದ ಪ್ರಶ್ನೆ. ಅದರ ಬದಲು ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಐದು ನಿಮಿಷ ಕೇಳಿ. ತರಗತಿಯಲ್ಲೇ ಬರೆಸಿ. ಅವರೂರಿನ ಸಂತೆಯನ್ನು, ಡೈರಿಯನ್ನು, ಕೆರೆಯನ್ನು ನೋಡಿ ಬಂದು ಹೇಳುವ ಕೆಲಸ ಕೊಡಿ. ಆ ಹಾಲಿನ ಡೈರಿಯ ಲೆಕ್ಕಪುಸ್ತಕ ಯಾವ ಯಂತ್ರದೊಳಗೂ ಇಲ್ಲ, ಬೆಳಿಗ್ಗೆ 5.45ಕ್ಕೆ ಅಲ್ಲಿ ನಿಲ್ಲುವ ಹುಡುಗಿಗೆ ಮಾತ್ರ ಅದು ಗೊತ್ತು.

ಆದರೆ ಎದುರಿಗೆ ಕೂರಿಸಿಕೊಂಡು ಕೇಳುವುದಕ್ಕೆ ಮನುಷ್ಯರು ಬೇಕು. ಇದು ನನಗೆ ಅತ್ಯಂತ ನೋವಿನ ವಿಷಯ. ನಮ್ಮ ರಾಜ್ಯದ ಸುಮಾರು 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾರ ಹೊತ್ತಿರುವವರು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. ಹೆಸರು ಅತಿಥಿ, ಕೆಲವರು ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದಾರೆ. 2023ರ ಕೊನೆಯಲ್ಲಿ ಸೇವಾ ಭದ್ರತೆ ಕೇಳಿ ವಾರಗಟ್ಟಲೆ ಧರಣಿ ಕೂತರು. ಮುಂದಿನ ಸೆಮಿಸ್ಟರಿನಲ್ಲಿ ತಾನಿರುತ್ತೇನೋ ಇಲ್ಲವೋ ಎಂದು ತಿಳಿಯದವರ ಕೈಗೆ ಐದು ವರ್ಷದ ಯೋಜನೆ ಕೊಡುವುದು ಹೇಗೆ? ಹೊಸ ಪರೀಕ್ಷಾ ಕ್ರಮ, ಹೊಸ ಕೋರ್ಸು, ಹೊಸ ತಂತ್ರಾಂಶ, ಏನೇ ತಂದರೂ ಅದನ್ನು ತರಗತಿಯೊಳಗೆ ಒಯ್ಯುವವರು ಅವರೇ. ತಂತ್ರಜ್ಞಾನದ ಬಜೆಟ್ ಎಂದು ಬರೆಯುವಾಗ ಮೊದಲ ಸಾಲಿನಲ್ಲಿ ಅವರ ಕೆಲಸದ ಭದ್ರತೆ ಇರಬೇಕು ಎಂದು ನಾನು ಕೇಳಿಕೊಳ್ಳುತ್ತೇನೆ.

ನೀತಿಯ ಬಗ್ಗೆ ಎರಡೇ ಮಾತು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದ ರಾಜ್ಯ ನಮ್ಮದು. 2024ರಲ್ಲಿ ಅದು ತಂದ ನಾಲ್ಕು ವರ್ಷದ ಪದವಿ ಬಿಟ್ಟು ಮೂರು ವರ್ಷಕ್ಕೆ ಮರಳಿದೆವು. ಯಾವುದು ಸರಿ ಎಂಬ ಚರ್ಚೆ ಇಲ್ಲಿ ಬೇಡ, ಎರಡು ಕಡೆಗೂ ವಾದಗಳಿವೆ. ಆದರೆ ಆ ವರ್ಷ ಒಂದೇ ಕಾರಿಡಾರಿನಲ್ಲಿ ಮೊದಲ ವರ್ಷದವರಿಗೆ ಒಂದು ಪಠ್ಯಕ್ರಮ, ಎರಡು ಮತ್ತು ಮೂರನೆಯ ವರ್ಷದವರಿಗೆ ಇನ್ನೊಂದು. ಅಣ್ಣನ ಪುಸ್ತಕ ತಂಗಿಗೆ ಆಗಲಿಲ್ಲ. ಹಳ್ಳಿಯ ಮನೆಯಲ್ಲಿ ಅದೊಂದು ದೊಡ್ಡ ಖರ್ಚು.

ಮುಂದಿನ ಹದಿನೈದು ವರ್ಷದಲ್ಲಿ ನಮ್ಮ ತರಗತಿಗೆ ಬರುವವರು ಯಾರು ಎಂಬುದರ ಕಡೆಗೆ ನಿಮ್ಮ ಗಮನ ಸೆಳೆಯಬೇಕು. ಇದನ್ನು ಊಹಿಸಬೇಕಾಗಿಲ್ಲ, ಅವರೆಲ್ಲ ಆಗಲೇ ಹುಟ್ಟಿದ್ದಾರೆ. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಉಳಿಯಬೇಕಾದರೆ 2.1 ಬೇಕು. 2020ರಲ್ಲಿ ಹುಟ್ಟಿದ ಮಗು 2038ರಲ್ಲಿ ಕಾಲೇಜಿಗೆ ಬರುತ್ತದೆ. ಹದಿನೆಂಟರ ಪ್ರಾಯದವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾರೆ. ಕಾಲೇಜುಗಳೋ ನಮ್ಮಲ್ಲಿ ಬೇಕಾದಷ್ಟಿವೆ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಕಾಲೇಜು ವಯಸ್ಸಿನ ಪ್ರತಿ ಲಕ್ಷ ಜನಕ್ಕೆ ಕರ್ನಾಟಕದಲ್ಲಿ 66 ಕಾಲೇಜುಗಳಿದ್ದವು, ದೇಶದ ಸರಾಸರಿ 30. ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ ಸಾವಿರ ದಾಟಿದೆ. ಜಿಲ್ಲೆಗೊಂದು ವಿಶ್ವವಿದ್ಯಾಲಯವೆಂದು ಹೊಸದಾಗಿ ತೆರೆದದ್ದನ್ನೂ, ಕೆಲವೇ ವರ್ಷಗಳಲ್ಲಿ 2025ರಲ್ಲಿ ಅವುಗಳಲ್ಲಿ ಹೆಚ್ಚಿನವನ್ನು ಮುಚ್ಚುವ ಅಥವಾ ವಿಲೀನ ಮಾಡುವ ಶಿಫಾರಸು ಬಂದದ್ದನ್ನೂ ನೋಡಿದ್ದೇವೆ.

ಹಾಗಾದರೆ ಬೆಂಚುಗಳು ಖಾಲಿಯಾಗುತ್ತವೆಯೇ? ಆಗಬೇಕಾಗಿಲ್ಲ. ಅದೇ ಸಮೀಕ್ಷೆಯಲ್ಲಿ ಉನ್ನತ ಶಿಕ್ಷಣಕ್ಕೆ ದಾಖಲಾದವರ ಪ್ರಮಾಣ ಕರ್ನಾಟಕದಲ್ಲಿ ಶೇಕಡಾ 36ರ ಆಸುಪಾಸು. ಉಳಿದವರೆಲ್ಲ ಎಲ್ಲಿದ್ದಾರೆ?

ಕಳೆದ ವರ್ಷ ಒಂದು ಮಧ್ಯಾಹ್ನ ಆಶಾ ಕಾರ್ಯಕರ್ತೆಯೊಬ್ಬರು ಕಾಲೇಜಿಗೆ ಬಂದಿದ್ದರು. ಮಗಳ ಅಡ್ಮಿಷನ್ನಿಗೆ. ಅರ್ಜಿ ತುಂಬಿಸಿದ ಮೇಲೂ ಹೋಗದೆ ಬಾಗಿಲ ಹತ್ತಿರ ನಿಂತಿದ್ದರು. ಕರೆದು ಕೂರಿಸಿದೆ. ಬ್ಯಾಗಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಒಂದು ಮಾರ್ಕ್ಸ್ ಕಾರ್ಡ್ ತೆಗೆದರು. ಬಿ.ಎ. ಎರಡನೆಯ ವರ್ಷದ್ದು, ಬಹಳ ವರ್ಷ ಹಳೆಯದು, ಎಲ್ಲ ವಿಷಯಗಳಲ್ಲೂ ಪಾಸು. "ಮದುವೆ ಆಯ್ತು ಸರ್, ಮೂರನೇ ವರ್ಷಕ್ಕೆ ಬರೋಕಾಗಲಿಲ್ಲ. ಈಗ ಇದನ್ನ ಮುಂದುವರಿಸಬಹುದಾ?" ಎಂದು ಕೇಳಿದರು. ಊರಿನ ಬಾಣಂತಿಯರ, ಎಳೆಮಕ್ಕಳ ಲೆಕ್ಕವನ್ನೆಲ್ಲ ಮೊಬೈಲಿನಲ್ಲಿ ತುಂಬುವ ಹೆಂಗಸು. ತಂತ್ರಜ್ಞಾನ ಅವರ ಕೈಯಲ್ಲೇ ಇತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಪಾಸಾದ ಕೋರ್ಸುಗಳ ಲೆಕ್ಕವನ್ನು ಕ್ರೆಡಿಟ್ಟುಗಳಾಗಿ ಕೂಡಿಡಲು 2021ರಲ್ಲಿ ಬಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಅರ್ಧಕ್ಕೆ ಬಿಟ್ಟವರು ಮರಳಿ ಬರಬಹುದೆಂಬ ಒಳ್ಳೆಯ ಆಲೋಚನೆ ಇದೆ, ಆದರೆ ಅಲ್ಲಿ ಕ್ರೆಡಿಟ್ಟಿಗೆ ಆಯುಸ್ಸು ಏಳು ವರ್ಷ. ಮದುವೆ, ಇಬ್ಬರು ಮಕ್ಕಳು, ಅತ್ತೆಯ ಕಾಯಿಲೆ ಇವೆಲ್ಲ ಏಳು ವರ್ಷದಲ್ಲಿ ಮುಗಿಯುವುದಿಲ್ಲ. ಹೊಸದಾಗಿ ಮೊದಲಿನಿಂದ ಸೇರಬೇಕಾಗುತ್ತದೆ ಎಂದೆ. ಅವರು ಕಾರ್ಡನ್ನು ಮತ್ತೆ ಮಡಚದೆ, ನೆಟ್ಟಗೇ ಕವರಿನೊಳಗೆ ಇಟ್ಟುಕೊಂಡರು.

ನಮ್ಮ ಮುಂದಿನ ವಿದ್ಯಾರ್ಥಿ ಅವರು. ಅವರಿಗೆ ಮೂವತ್ತೇಳೋ ಮೂವತ್ತೆಂಟೋ ವಯಸ್ಸು. ಅವರಿಗೆ 9.30ರ ತರಗತಿ ಆಗುವುದಿಲ್ಲ. ಭಾನುವಾರ ಆಗುತ್ತದೆ, ಸಂಜೆ ಒಂದು ಗಂಟೆ ಆಗುತ್ತದೆ, ಮೊಬೈಲಿನಲ್ಲಿ ಪಾಠ ಕೇಳಿ ತಿಂಗಳಿಗೆರಡು ಸಲ ಬಂದು ಅಧ್ಯಾಪಕರ ಎದುರು ಕೂರುವುದು ಆಗುತ್ತದೆ. ಖಾಲಿಯಾಗಲಿರುವ ಕೋಣೆಗಳಿವೆ, ಪಾಠದ ವಿಡಿಯೊಗಳಿವೆ, ಕನ್ನಡ ಬಲ್ಲ ಯಂತ್ರವೂ ಬಂದಿದೆ. ಇವನ್ನೆಲ್ಲ ಆ ಮಾರ್ಕ್ಸ್ ಕಾರ್ಡಿನ ಜೊತೆ ಜೋಡಿಸುವ ಒಂದು ನಿಯಮ ಮಾತ್ರ ಇಲ್ಲ. ಅದನ್ನು ಬರೆಯಬೇಕಾದವರು ನಾವೇ. ಅಧ್ಯಯನ ಮಂಡಳಿಗಳಲ್ಲಿ, ಅಕಾಡೆಮಿಕ್ ಕೌನ್ಸಿಲ್‌ಗಳಲ್ಲಿ ಕೂರುವವರು ಈ ಸಭೆಯಲ್ಲಿದ್ದೀರಿ. ದಯವಿಟ್ಟು ಈ ವರ್ಷವೇ ಇದನ್ನು ಅಜೆಂಡಾದಲ್ಲಿ ಸೇರಿಸಿ.

ಕೊನೆಗೆ, ಆ 7.40ರ ಲೆಕ್ಕಕ್ಕೆ ಏನು ಮಾಡಿದಿರಿ ಎಂದು ನೀವು ಕೇಳುತ್ತೀರಿ. ಬಸ್ ಡಿಪೊಗೆ ಮಕ್ಕಳ ಹಾಳೆಗಳ ಪ್ರತಿ ಸಮೇತ ಪತ್ರ ಕೊಟ್ಟಿದ್ದೇವೆ. ಬಸ್ಸಿನ ಸಮಯ ಇನ್ನೂ ಬದಲಾಗಿಲ್ಲ. ಅಲ್ಲಿಯವರೆಗೆ ಗ್ರಂಥಾಲಯದ ಒಂದು ಕೋಣೆಯನ್ನು ಬೆಳಿಗ್ಗೆ 7.45ಕ್ಕೆ ತೆಗೆಯುತ್ತಿದ್ದೇವೆ. ಬೀಗದ ಕೈಯನ್ನು ಊರಿನಲ್ಲೇ ಇರುವ ಅಟೆಂಡರ್ ಅಣ್ಣ ಒಪ್ಪಿಕೊಂಡರು. ನಾನೂ ಇಬ್ಬರು ಅತಿಥಿ ಉಪನ್ಯಾಸಕರೂ ಸರದಿಯಲ್ಲಿ ಹೋಗಿ ಕೂರುತ್ತೇವೆ. ಹಳೆಯ ನಾಲ್ಕು ಕಂಪ್ಯೂಟರ್‌ಗಳನ್ನು ಅಲ್ಲಿಗೆ ಸಾಗಿಸಿದೆವು, ಸ್ವಯಂ ಪಾಠಗಳನ್ನು ಹಾಕಿಟ್ಟೆವು.

ಮೊದಲ ವಾರ ಬಂದವರಲ್ಲಿ ಹೆಚ್ಚಿನವರು ಟೇಬಲ್ಲಿನ ಮೇಲೆ ತಲೆಯಿಟ್ಟು ನಿದ್ದೆ ಮಾಡಿದರು. ನಾಲ್ಕೂಮುಕ್ಕಾಲಿಗೆ ಎದ್ದ ಮಕ್ಕಳು. ಎಬ್ಬಿಸಲು ಮನಸ್ಸಾಗಲಿಲ್ಲ, ಫ್ಯಾನ್ ಹಾಕಿ ಸುಮ್ಮನೆ ಕೂತೆ. ಎರಡನೆಯ ವಾರ ಇಬ್ಬರು ಹುಡುಗಿಯರು ಬಂದು, ಚಾರ್ಜ್ ಹಾಕಲು ಇನ್ನೂ ಎರಡು ಪ್ಲಗ್ ಬೇಕು ಸರ್ ಎಂದರು. ಈಗ ಆರು ಪ್ಲಗ್ ಇವೆ. ಕಳೆದ ತಿಂಗಳಿನಿಂದ ಒಂದು ಕಂಪ್ಯೂಟರಿನ ಮುಂದೆ ಮೂವರು ಒಟ್ಟಿಗೆ ಕೂತು, ಪಾಠದ ವಿಡಿಯೊ ನಿಲ್ಲಿಸಿ ನಿಲ್ಲಿಸಿ, ಒಬ್ಬಳು ಉಳಿದಿಬ್ಬರಿಗೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಿರುತ್ತಾಳೆ.

ಮಕ್ಕಳ ಒಪ್ಪಿಗೆ ಪಡೆದು ಎಲ್ಲ ಹಾಳೆಗಳನ್ನೂ ತಂದಿದ್ದೇನೆ. ಹಿಂದಿನ ಮೇಜಿನ ಮೇಲಿವೆ, ಪಕ್ಕದಲ್ಲಿ ಖಾಲಿ ಹಾಳೆಗಳ ಕಟ್ಟೂ ಇದೆ. ಓದಿ, ನಿಮ್ಮ ಕಾಲೇಜಿಗೆ ಒಂದಷ್ಟು ಖಾಲಿ ಹಾಳೆಗಳನ್ನು ತೆಗೆದುಕೊಂಡು ಹೋಗಿ.